ಸ್ಟ್ಯಾಂಡ್ ಹಾಕಿದ ಸ್ಕೂಟರಿನ ಮೇಲೆ ಮೂವರು

ಸಂಜೆ ಹೊತ್ತು, ಮನೆ ಮುಂದೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಸ್ಕೂಟರಿನ ಮೇಲೆ ಗಂಡ, ಮಗಳು, ಹೆಂಡತಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತು, ಎಲ್ಲಿಗೂ ಹೋಗದೆ, ಸ್ವಲ್ಪ ಹೊತ್ತಾದ ಮೇಲೆ ಇಳಿದು ಒಳಗೆ ಹೋಗುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಬನಶಂಕರಿ ಎರಡನೇ ಹಂತದ ನಮ್ಮ ರಸ್ತೆಯವರು ಕಂಡಿದ್ದಾರೆ. ಒಂದು ದಿನವಲ್ಲ, ತಿಂಗಳುಗಟ್ಟಲೆ. ಆ ಮೂವರಲ್ಲಿ ಹಿಂದೆ ಅಡ್ಡಡ್ಡ ಕೂತು ಸೆರಗು ಸರಿ ಮಾಡಿಕೊಳ್ಳುತ್ತಿದ್ದವಳು ನಾನೇ. ನಮಗೇನೂ ತಲೆ ಕೆಟ್ಟಿರಲಿಲ್ಲ. ಥೆರಪಿ ಮಾಡಿಕೊಳ್ಳುತ್ತಿದ್ದೆವು, ಅಷ್ಟೆ.

ನಮ್ಮ ಕಡೆಯ ದಾಂಪತ್ಯದಲ್ಲಿ ಸ್ಕೂಟರಿನ ಪಾತ್ರವನ್ನು ಯಾರೂ ಸರಿಯಾಗಿ ಗುರುತಿಸಿಲ್ಲ ಅಂತ ನನ್ನ ದೂರು. ಶಾಸ್ತ್ರದವರು ಪಾಣಿಗ್ರಹಣ ಅಂತ ಒಂದು ವಿಧಿ ಇಟ್ಟರು. ಅಗ್ನಿಸಾಕ್ಷಿಯಾಗಿ ಕೈ ಹಿಡಿಯಬೇಕು. ಎಷ್ಟು ಹೊತ್ತು ಹಿಡಿದಿರಬೇಕು ಎನ್ನುವುದನ್ನು ಮಾತ್ರ ಹೇಳದೆ ಬಿಟ್ಟರು. ಹೀಗಾಗಿ ನಮ್ಮವರು ಊಟದ ಎಲೆ ಹಾಕಿದ ಕೂಡಲೇ ಬಿಟ್ಟ ಕೈಯನ್ನು ಮತ್ತೆ ನಾಲ್ಕು ಜನರೆದುರು ಹಿಡಿಯಲಿಲ್ಲ. ಸಪ್ತಪದಿಯ ಏಳು ಹೆಜ್ಜೆ ಜೊತೆಯಲ್ಲಿ ಇಟ್ಟವರು ಎಂಟನೆಯ ಹೆಜ್ಜೆಯಿಂದ ಮುಂದೆ ಮುಂದೆ ಹೊರಟುಬಿಟ್ಟರು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ನಾನು ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡುತ್ತಿದ್ದರೆ ಅವರು ಗುರುತು ಪರಿಚಯ ಇಲ್ಲದವರ ಹಾಗೆ ಆಚೆ ಬಾಳೆಹಣ್ಣಿನ ಗಾಡಿಯ ಹತ್ತಿರ ನಿಂತಿರುತ್ತಿದ್ದರು. ಆದರೆ ಸ್ಕೂಟರ್ ಹತ್ತಿದ ಮೇಲೆ ಈ ಬಿಗುಮಾನವೆಲ್ಲ ನಡೆಯುವುದಿಲ್ಲ. ಬೆನ್ನಿಗೆ ತೋಳು ತಾಗಲೇಬೇಕು, ಹಂಪ್ ಬಂದಾಗ ಭುಜ ಹಿಡಿಯಲೇಬೇಕು. ಊರೆಲ್ಲ ನೋಡಿದರೂ ಯಾರೂ ಏನೂ ಅನ್ನುವಂತಿಲ್ಲ. ಹಿಡಿಯದಿದ್ದರೆ ಬೀಳುತ್ತೀವಲ್ಲ!

ಈಗ ಮಗಳ ವಿಷಯಕ್ಕೆ ಬರುತ್ತೇನೆ. ಇದು ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷದ ಮಾತು. ನಮ್ಮ ಪಲ್ಲವಿಗೆ ಆಗ ಎಂಟು ವರ್ಷ. ದೋಸೆಯ ಮೊದಲ ತುತ್ತನ್ನು ಅಡುಗೆಮನೆಯಲ್ಲಿ ತಿಂದರೆ ಎರಡನೆಯದನ್ನು ನಡುಮನೆಯಲ್ಲಿ, ಮೂರನೆಯದನ್ನು ಕಿಟಕಿಯ ಸರಳು ಹಿಡಿದು ನೇತಾಡುತ್ತಾ ತಿನ್ನುವಳು. ನಾಲ್ಕನೆಯದು ಸಂಜೆ ಶೂ ರ‍್ಯಾಕಿನ ಮೇಲೆ ಸಿಗುತ್ತಿತ್ತು. ಮಲಗಿದ ಮೇಲಾದರೂ ಸುಮ್ಮನಿರುತ್ತಾಳಾ? ಪೂರ್ವಕ್ಕೆ ತಲೆ ಇಟ್ಟವಳು ಬೆಳಗಾಗುವಷ್ಟರಲ್ಲಿ ಅಷ್ಟ ದಿಕ್ಪಾಲಕರನ್ನೂ ಮಾತಾಡಿಸಿ ಬಂದಿರುತ್ತಿದ್ದಳು. ಬಾದಾಮಿ ನೆನೆಸಿ ಕೊಟ್ಟೆ, ಬ್ರಾಹ್ಮಿ ಎಣ್ಣೆ ತಿಕ್ಕಿದೆ, ತಾಯತ ಕಟ್ಟಿಸಿದೆ. ಪಕ್ಕದ ಮನೆ ಆಂಟಿ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರದಿದ್ದರೆ ದೃಷ್ಟಿಯಾಗಿದೆ ಅಂತ ಲೆಕ್ಕ. ಆ ದಿನ ಮಹಡಿ ಮನೆಯವರೂ ಕೆಮ್ಮುತ್ತಾ ಕೆಳಗಿಳಿದು ಬಂದರು. ಯಾರ ದೃಷ್ಟಿಯೂ ಅಲ್ಲ, ಇದು ಸ್ವಂತ ಸರಕು ಅಂತ ಖಾತ್ರಿಯಾಯಿತು.

ಕೊನೆಗೆ ಮಕ್ಕಳ ಡಾಕ್ಟರು ಇದಕ್ಕೆ ಎ.ಡಿ.ಎಚ್.ಡಿ. ಅಂತ ಹೆಸರು ಹೇಳಿದರು. ಹೆಸರು ಸಿಕ್ಕಿದ್ದಕ್ಕೆ ನನಗೆ ಅರ್ಧ ಸಮಾಧಾನ. ಅಲ್ಲಿಯವರೆಗೆ ಎಲ್ಲರೂ ಅದನ್ನು 'ತಾಯಿ ಬೆಳೆಸಿದ ರೀತಿ' ಅಂತ ಕರೆಯುತ್ತಿದ್ದರು. ಆದರೆ ನಮ್ಮ ಭಾವನವರಿಗೆ, ಅಂದರೆ ನಮ್ಮವರ ಅಣ್ಣನಿಗೆ, ಹೆಸರು ಹಿಡಿಸಲಿಲ್ಲ.

"ಅದೇನಮ್ಮ ನಾಲ್ಕಕ್ಷರದ ಕಾಯಿಲೆ? ನಮ್ಮ ಕಾಲ್ದಲ್ಲಿ ಎರಡಕ್ಷರದ ಔಷಧಿ ಇತ್ತು. ಏಟು" ಅಂದರು. ಆಮೇಲೆ ಕಾಫಿ ಲೋಟ ಕೆಳಗಿಟ್ಟು ತಮ್ಮನ ಕಡೆ ತಿರುಗಿದರು. "ತುಮಕೂರಿಂದಾಚೆ ಒಂದು ವಸತಿ ಶಾಲೆ ಇದೆ ಕಣೋ. ಬೆಳಗ್ಗೆ ಐದಕ್ಕೇ ಎಬ್ಬಿಸ್ತಾರೆ. ಹಾಕು ಇವಳನ್ನ. ಒಂದು ವರ್ಷದಲ್ಲಿ ಕಂಬದ ಹಾಗೆ ಕೂರ್ತಾಳೆ."

ನಮ್ಮವರು "ಹೂಂ ಅಣ್ಣ" ಅಂದರು. ಅಣ್ಣನ ಮುಂದೆ ಅವರಿಗೆ ಬರುತ್ತಿದ್ದ ಕನ್ನಡವೇ ಅಷ್ಟು. ಭಾವನವರು ಹೋದ ಮೇಲೆ "ಏನ್ರೀ, ಕಳಿಸ್ಬಿಡ್ತೀರಾ?" ಅಂತ ಕೇಳಿದೆ. "ನೋಡೋಣ" ಅಂದರು. ಅವರು ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವವರು. ಸರ್ಕಾರದವರು ನೋಡೋಣ ಅಂದರೆ ಏನರ್ಥ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಯುಗಾದಿ ಕಳೆದ ಮೇಲೆ ಉತ್ತರ ಕೊಡುವುದೆಂದು ಮಾತಾಯಿತು. ಅಷ್ಟರಲ್ಲಿ ಏನಾದರೂ ಮಾಡಲೇಬೇಕೆಂದು ನಾನು ಸೊಂಟಕ್ಕೆ ಸೆರಗು ಕಟ್ಟಿದೆ.

ನನ್ನ ಆಫೀಸಿನ ಗೆಳತಿಯೊಬ್ಬಳು ಜೆ.ಪಿ. ನಗರದಲ್ಲಿ ಮಕ್ಕಳಿಗೆ ಥೆರಪಿ ಮಾಡುವ ಸುಮತಿ ಮೇಡಂ ಹೆಸರು ಹೇಳಿದಳು. ಬೇಕರಿಯ ಮೇಲಿನ ಮಹಡಿಯಲ್ಲಿ ಅವರ ಕೋಣೆ. ಮೇಜಿಲ್ಲ, ಸ್ಟೆತಾಸ್ಕೋಪಿಲ್ಲ. ನೆಲದ ತುಂಬ ಹಾಸಿಗೆ, ದಿಂಬು, ನಾನು ಸುಲಭವಾಗಿ ಹಿಂದೆ ಅವಿತುಕೊಳ್ಳಬಹುದಾದ ಒಂದು ದೊಡ್ಡ ಚೆಂಡು. ಅವರ ಪದ್ಧತಿ ಏನೆಂದರೆ ಮಗುವಿಗೆ ಉಪದೇಶ ಮಾಡುವುದಿಲ್ಲ, ಮೈಯನ್ನು ಮೊದಲು ಸಮಾಧಾನ ಮಾಡುತ್ತಾರೆ. ಅದೂ ಮಗು ಒಂದನ್ನೇ ಅಲ್ಲ, ಅಪ್ಪ ಅಮ್ಮನನ್ನೂ ಸೇರಿಸಿ. "ಇಬ್ರೂ ಬೆನ್ನಿಗೆ ಬೆನ್ನು ಕೊಟ್ಟು ಕೂತ್ಕೊಳ್ಳಿ, ಮೆಲ್ಲಗೆ ತಳ್ಳಿ" ಅಂದರು. ನಾವು ಅಲ್ಲಿಯವರೆಗೆ ಬೆನ್ನು ತಿರುಗಿಸಿ ಕೂತದ್ದು ಜಗಳವಾದಾಗ ಮಾತ್ರ. ನಮ್ಮವರು ಪ್ಯಾಂಟಿನ ಇಸ್ತ್ರಿ ಕಾಪಾಡಿಕೊಂಡು ಕೂತರು. ನನ್ನ ಬೆನ್ನು ತಾಗಿದ ಕೂಡಲೇ "ಸಾರಿ" ಅಂದರು. ಕಟ್ಟಿಕೊಂಡ ಹೆಂಡತಿಗೆ!

ಇಷ್ಟಾದರೂ ಒಂದು ತೊಂದರೆ. ಅಲ್ಲಿಗೆ ಹೋದಾಗಲೆಲ್ಲ ಪಲ್ಲವಿ ಗೌರಿ ಹಬ್ಬದ ಗೌರಿಯ ಹಾಗೆ ಕೂತಿರುತ್ತಿದ್ದಳು. ಕೇಳಿದ್ದಕ್ಕೆ ಉತ್ತರ, ಕೊಟ್ಟ ಬಣ್ಣದಲ್ಲಿ ಚಿತ್ರ. ಮನೆಯಲ್ಲಿ ಗಡಗಡ ಅನ್ನುವ ಸ್ಕೂಟರು ಮೆಕ್ಯಾನಿಕ್ ಮುಂದೆ ಸದ್ದಿಲ್ಲದೆ ಓಡುತ್ತದಲ್ಲ, ಹಾಗೆ. ಮೇಡಂ ನನ್ನನ್ನೇ ಒಂದು ಥರ ನೋಡಿ "ಇವಳಿಗೇನಾ?" ಅಂತ ಕೇಳಿದರು. ನಾನೇ ಸುಳ್ಳು ಹೇಳಿಕೊಂಡು ತಿರುಗುವವಳು ಅಂತ ಅಂದುಕೊಂಡರೋ ಏನೋ, ನಾಚಿಕೆಯಿಂದ ಸತ್ತೇ ಹೋದೆ.

ಒಂದು ಶನಿವಾರ ಸ್ಕೂಟರಿನ ಕ್ಲಚ್ ವೈರು ಕಿತ್ತುಹೋಯಿತು. ಆಟೋದಲ್ಲಿ ಹೋದೆವು. ದಾರಿಯಲ್ಲಿ ಪಲ್ಲವಿ ಸೀಟಿನ ಮೇಲೆ ನಿಂತಳು, ಮೀಟರ್ ಮುಟ್ಟಿದಳು, ಡ್ರೈವರಣ್ಣನ ಖಾಕಿ ಕಾಲರು ಹಿಡಿದು "ಇನ್ನೂ ಫಾಸ್ಟ್" ಅಂದಳು. ಮಹಡಿ ಹತ್ತಿದವಳೇ ದಿಂಬುಗಳನ್ನೆಲ್ಲ ಕಿಟಕಿಗೆ ಏರಿಸಿ, ಚೆಂಡಿನ ಮೇಲಿಂದ ಹಾರಿ, ಮೇಡಂ ಕನ್ನಡಕ ಹಾಕಿಕೊಂಡು ಕೋಣೆ ಸುತ್ತಿದಳು. ನನಗೆ ಆನಂದಬಾಷ್ಪ ಒಂದೇ ಬಾಕಿ. "ನೋಡಿ ಮೇಡಂ, ನೋಡಿ! ನಾನು ಹೇಳಿರ್ಲಿಲ್ವಾ?" ಅಂತ ಕೂಗಿಕೊಂಡೆ. ಮಗಳ ಪುಂಡಾಟಕ್ಕೆ ಹೆಮ್ಮೆಪಟ್ಟ ತಾಯಿ ಆ ಕೋಣೆಗೆ ನಾನೇ ಮೊದಲಿರಬೇಕು.

ಮೇಡಂ ಕನ್ನಡಕ ವಾಪಸ್ ಪಡೆದು, "ಇಷ್ಟು ದಿನ ಹೇಗೆ ಬರ್ತಿದ್ರಿ?" ಅಂತ ಕೇಳಿದರು. ಸ್ಕೂಟರಲ್ಲಿ ಅಂದೆವು. "ಹೇಗೆ ಕೂತ್ಕೊಂಡು?" ತೋರಿಸಿದೆವು. ಹಾಸಿಗೆಯ ಮೇಲೆ ನಮ್ಮವರು ಮುಂದೆ, ಅವರ ಬೆನ್ನಿಗೆ ಕೆನ್ನೆ ಒತ್ತಿ ಪಲ್ಲವಿ, ಅವಳನ್ನು ಒತ್ತಿಕೊಂಡು ಹಿಂದೆ ನಾನು. ಕೂತ ಸ್ವಲ್ಪ ಹೊತ್ತಿಗೆ ಮಗುವಿನ ಉಸಿರು ನಿಧಾನವಾದದ್ದು ನನ್ನ ಎದೆಗೇ ಗೊತ್ತಾಯಿತು.

"ನೋಡಿದ್ರಾ," ಅಂದರು ಮೇಡಂ. "ತಾನು ಎಲ್ಲಿ ಶುರುವಾಗಿ ಎಲ್ಲಿ ಮುಗೀತೀನಿ ಅಂತ ಇವಳ ಮೈಗೆ ಗೊತ್ತಾಗಲ್ಲ. ಹುಡುಕ್ಕೊಂಡು ಓಡಾಡ್ತಾಳೆ. ಎರಡೂ ಕಡೆಯಿಂದ ನೀವು ಒತ್ತಿದಾಗ ಗೊತ್ತಾಗುತ್ತೆ. ಜೊತೆಗೆ ಅಪ್ಪ ಅಮ್ಮನ ಮಧ್ಯೆ ಇದ್ದೀನಿ ಅನ್ನೋ ಧೈರ್ಯ. ದಿನಾ ಸ್ವಲ್ಪ ಹೊತ್ತು ಮನೇಲೂ ಹೀಗೇ ಕೂತ್ಕೊಳ್ಳಿ."

ಅಂದರೆ ಪ್ರತಿ ಶನಿವಾರ ಬನಶಂಕರಿಯಿಂದ ಜೆ.ಪಿ. ನಗರದವರೆಗೆ ದಾರಿಯುದ್ದಕ್ಕೂ ನಾವೇ ಥೆರಪಿ ಮುಗಿಸಿಕೊಂಡು, ಆಮೇಲೆ ಮಹಡಿ ಹತ್ತಿ ಥೆರಪಿ ಕೇಳುತ್ತಿದ್ದೆವು!

ಮನೆಯಲ್ಲಿ ಹಾಸಿಗೆಯ ಮೇಲೆ ಹಾಗೆ ಕೂರಲು ನಮ್ಮವರಿಗೆ ಸಂಕೋಚ. "ಯಾರಾದ್ರೂ ಬಂದ್ರೆ ಏನಂದ್ಕೊಂಡಾರು?" ಅಂದರು. ನಕ್ಷೆ ಬರೆಯುವವರಲ್ಲವೇ, ಇದ್ದದ್ದನ್ನು ಇದ್ದ ಹಾಗೇ ಮಾಡಬೇಕು. ಸ್ಕೂಟರನ್ನು ಗೇಟಿನೊಳಗೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದರು. "ಬನ್ನಿ, ಕೂತ್ಕೊಳ್ಳಿ" ಅಂದರು. ಹಾಸಿಗೆಯ ಮೇಲೆ ಕೂತರೆ ನಾಚಿಕೆಗೇಡು, ಓಡದ ಸ್ಕೂಟರಿನ ಮೇಲೆ ಬೀದಿಗೆ ಕಾಣುವಂತೆ ಕೂತರೆ ಮರ್ಯಾದಸ್ತರು. ಗಂಡಸರ ತರ್ಕಕ್ಕೆ ನಾನು ಯಾವತ್ತೋ ಕೈ ಮುಗಿದಿದ್ದೇನೆ.

ರಸ್ತೆಯವರಿಗೆ ಮೊದಮೊದಲು ಕಳವಳ. ವಾಕಿಂಗ್ ಹೊರಟ ಎದುರು ಮನೆಯ ನಿವೃತ್ತರು "ಕಾರ್ಬೊರೇಟರ್ ತೋರ್ಸಿ ಸಾರ್" ಅಂತ ಸಲಹೆ ಕೊಟ್ಟರು. ಪಕ್ಕದ ಮನೆ ಆಂಟಿ "ಹೊರಟಿದ್ದೀರಲ್ಲ, ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ" ಅಂತ ಕಾಸು ಕೊಡಲು ಬಂದರು. ಒಂದು ಸಂಜೆ ದಾರಿಹೋಕನೊಬ್ಬ ಕನಿಕರಪಟ್ಟು, "ಸ್ಟಾರ್ಟ್ ಆಗ್ತಿಲ್ವಾ ಸಾರ್? ತಾಳಿ" ಅಂದವನೇ ಒಳಗೆ ಬಂದು ಹಿಂದಿನಿಂದ ಜೋರಾಗಿ ತಳ್ಳಿಯೇಬಿಟ್ಟ. ಸ್ಟ್ಯಾಂಡ್ ಮಡಚಿ ದಡಕ್ ಅಂತ ಇಳಿದ ಸ್ಕೂಟರು ನಮ್ಮ ಮೂವರನ್ನೂ ಹೊತ್ತು ತುಳಸಿ ಕಟ್ಟೆಯವರೆಗೆ ಹೋಗಿ ನಿಂತಿತು. ನಾನು ರಾಮ ರಾಮ ಅನ್ನುತ್ತಿದ್ದರೆ ಪಲ್ಲವಿ "ಇನ್ನೊಂದ್ಸಲ ತಳ್ಳಿ ಅಂಕಲ್!" ಅಂತ ಗೋಗರೆದಳು.

ಬರಬರುತ್ತಾ ಅದೊಂದು ಸವಾರಿಯೇ ಆಯಿತು. ಹ್ಯಾಂಡಲ್ ಹಿಡಿದ ಮೇಲೆ ನಮ್ಮವರಿಗೂ ಸುಮ್ಮನಿರಲು ಆಗದು. ಬ್ರೇಕ್ ಒತ್ತುವುದು, ಗೇರ್ ಬದಲಿಸುವುದು, ತಿರುವಿನಲ್ಲಿ ಕೈ ತೋರಿಸುವುದು. ಪಲ್ಲವಿ ಬೆನ್ನ ಹಿಂದಿನಿಂದ "ರಾಗಿಗುಡ್ಡಕ್ಕೆ ಹೋಗಪ್ಪ" ಅಂದರೆ "ಅಲ್ಲಿ ಇವತ್ತು ಟ್ರಾಫಿಕ್ ಜಾಸ್ತಿ ಪುಟ್ಟಿ, ಒಳಗಿನ ರೋಡಲ್ಲಿ ಹೋಗೋಣ" ಅನ್ನುವರು. ಮನೆಯೊಳಗೆ "ಉಪ್ಪು", "ನೀರು", "ಪೇಪರ್ ಎಲ್ಲಿ" ಬಿಟ್ಟು ನಾಲ್ಕನೆಯ ಮಾತಾಡದ ಮನುಷ್ಯ ಓಡದ ಸ್ಕೂಟರಿನ ಮೇಲೆ ವಾಚಾಳಿ. ನನಗನ್ನಿಸುತ್ತದೆ, ಸ್ಕೂಟರಿನ ಮೇಲೆ ಯಾರಿಗೂ ಯಾರ ಮುಖವೂ ಕಾಣುವುದಿಲ್ಲ, ಎಲ್ಲರೂ ಮುಂದೆ ನೋಡುತ್ತಿರುತ್ತೇವೆ. ಮುಖ ನೋಡಿ ಹೇಳಲಾಗದ್ದು ಬೆನ್ನಿಗೆ ಹೇಳಬಹುದು.

ಶಾಲೆಯಲ್ಲಿ ಮಗು ಒಂದೇ ಸಲಕ್ಕೆ ಬದಲಾಗಲಿಲ್ಲ. ಟೀಚರು ಇನ್ನೂ ಗೊಣಗುತ್ತಿದ್ದರು, ಆದರೆ ಗೊಣಗುವ ಮಧ್ಯೆ ಉಸಿರು ತೆಗೆದುಕೊಳ್ಳಲು ಪುರುಸೊತ್ತು ಸಿಗುತ್ತಿತ್ತು. ಇತ್ತ ಯುಗಾದಿ ಬಂತು, ಹೋಯಿತು. ಭಾವನವರು ಉತ್ತರ ಕೇಳಲು ಫೋನ್ ಮಾಡುವ ದಿನವೂ ಬಂತು. ನಾನು ಬೆಳಗಿನಿಂದ ಎರಡು ಸಲ ಕೇಳಿದೆ, ಎರಡು ಸಲವೂ "ನೋಡೋಣ." ಸಂಜೆ ಎಂದಿನಂತೆ ಸ್ಕೂಟರ್ ಹತ್ತಿದೆವು. ಅವತ್ತು ಪಲ್ಲವಿ ಯಾವ ಊರಿಗೂ ಹೋಗು ಅನ್ನಲಿಲ್ಲ. ಅಪ್ಪನ ಬೆನ್ನಿನೊಳಗೇ ಅನ್ನುವ ಹಾಗೆ ಕೇಳಿದಳು.

"ಅಪ್ಪಾ, ಹಾಸ್ಟೆಲ್‌ಗೆ ಹೋಗೋವಾಗ್ಲೂ ಹೀಗೇ ಕೂತ್ಕೊಂಡು ಹೋಗ್ತೀವಾ?"

ನಮ್ಮವರ ಕೈ ಬ್ರೇಕಿನ ಮೇಲೆ ಹಾಗೇ ನಿಂತಿತು.

"ಮತ್ತೆ ವಾಪಸ್ ಬರೋವಾಗ? ಮಧ್ಯ ಯಾರೂ ಇರಲ್ವಲ್ಲ. ಅಮ್ಮ ಬಿದ್ದುಬಿಡಲ್ವಾ?"

ಈ ಹುಡುಗಿಗೆ ಎಲ್ಲ ಗೊತ್ತಿತ್ತು. ಸದಾ ಓಡಾಡುವ ಮಕ್ಕಳು ಏನೂ ಕೇಳಿಸಿಕೊಳ್ಳುವುದಿಲ್ಲ ಅಂತ ನಾವು ತಿಳಿದಿರುತ್ತೇವೆ. ಬೈದಾದರೂ ಈ ಮನುಷ್ಯನ ಬಾಯಿ ಬಿಡಿಸಬೇಕು ಅಂದುಕೊಳ್ಳುವಷ್ಟರಲ್ಲಿ ಅವರೇ ಮಾತಾಡಿದರು. ಗೇಟನ್ನೇ ನೋಡುತ್ತಾ ಮಾತಾಡಿದರು.

"ನಾನು ಬಸ್ಸಲ್ಲಿ ಹೋಗಿದ್ದೆ ಪುಟ್ಟಿ. ನನಗೂ ಆಗ ನಿನ್ನಷ್ಟೇ ವಯಸ್ಸು. ಒಂದ್ಕಡೆ ಕೂರ್ತಿರ್ಲಿಲ್ಲ ಅಂತ ನಿಮ್ಮ ತಾತ ಹಾಸ್ಟೆಲ್‌ಗೆ ಹಾಕಿದ್ರು. ಮೊದಮೊದಲು ದಿನಾ ಸಂಜೆ ಗೇಟ್ ಹತ್ರ ಹೋಗಿ ನಿಂತ್ಕೋತಿದ್ದೆ. ಆಮೇಲೆ ನಿಲ್ಲೋದು ಬಿಟ್ಟೆ."

"ಯಾಕಪ್ಪಾ?"

"ಕೂರೋದು ಕಲಿತೆ, ಅದಕ್ಕೆ."

ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಈ ವಿಷಯ ಗೊತ್ತಿರಲಿಲ್ಲ. ಬಾಳೆಹಣ್ಣಿನ ಗಾಡಿಯ ಹತ್ತಿರ ಒಬ್ಬರೇ ನಿಲ್ಲುವವರನ್ನು ನಾನು ಬಿಗುಮಾನದವರು ಅಂದುಕೊಂಡಿದ್ದೆ. ನನಗೆ ಅಳು ಬಂತು. ಅತ್ತುಬಿಟ್ಟೆ ಕೂಡ. ಸ್ಕೂಟರಿನ ಹಿಂದಿನ ಸೀಟು ಅದಕ್ಕೂ ಅನುಕೂಲವಾದ ಜಾಗ.

"ನೀನು ಹೋಗಲ್ಲ" ಅಂದರು ಅವರು. "ನಿಮ್ಮ ದೊಡ್ಡಪ್ಪಂಗೆ ನಾನೇ ಹೇಳ್ತೀನಿ."

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಒಳಗೆ ಫೋನು ಬಡಿದುಕೊಳ್ಳತೊಡಗಿತು. "ಅಣ್ಣಂದೇ. ಇಳಿಯೇ, ಧೈರ್ಯ ಇರೋವಾಗ್ಲೇ ಹೇಳ್ಬಿಡ್ತೀನಿ" ಅಂದರು. ಹೇಳಿದರು ಕೂಡ, ಅದೇ ರಾತ್ರಿ ತಾವೇ ಫೋನ್ ಮಾಡಿ, ನಿಂತುಕೊಂಡು, ಎಡಗೈಯಲ್ಲಿ ಕಿಟಕಿ ಸರಳು ಹಿಡಿದುಕೊಂಡು. ಭಾವನವರು ಮುನಿಸಿಕೊಂಡು ಗಣೇಶನ ಹಬ್ಬದವರೆಗೆ ಮಾತು ಬಿಟ್ಟರು. ಪಲ್ಲವಿ ಇವತ್ತಿಗೂ ಒಂದು ದೋಸೆಯನ್ನು ಒಂದೇ ಜಾಗದಲ್ಲಿ ತಿಂದು ಮುಗಿಸುವುದಿಲ್ಲ, ನಾನೂ ಅದನ್ನು ಹುಡುಕುವುದು ಬಿಟ್ಟಿದ್ದೇನೆ.

ಆದರೆ ಅವೆಲ್ಲ ಆಮೇಲಿನ ಮಾತು. ಆ ಹೊತ್ತಿಗೆ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅವರು ಇನ್ನೊಂದು ಸಲ "ಇಳಿಯೇ" ಅಂದರು. ಹಿಂದೆ ಕೂತವರು ಇಳಿಯದೆ ಮುಂದಿನವರು ಇಳಿಯುವಂತಿಲ್ಲ, ಸ್ಕೂಟರ್ ಇಟ್ಟವರಿಗೆಲ್ಲ ಗೊತ್ತಿರುವ ಸಂಗತಿ. ಫೋನು ಕಾಯಲಿ ಅಂತ ಅವರ ಭುಜ ಹಿಡಿದುಕೊಂಡೆ, ನಾನು ಇಳಿಯಲಿಲ್ಲ.