ಮಲಗಿದ ಮುಖಕ್ಕೊಂದು ಮಾಸ್ಕು

ಕೋವಿಡ್ ಹಾವಳಿ ಇಳಿದು ಜನ ಮತ್ತೆ ಧೈರ್ಯವಾಗಿ ಆಸ್ಪತ್ರೆಗಳಿಗೆ ಬರತೊಡಗಿದ್ದ ವರ್ಷ. ನಾನು ಆಗ ವಾಲ್ನಟ್ ಕ್ರೀಕ್‌ನ ಒಂದು ಸ್ಲೀಪ್ ಕ್ಲಿನಿಕ್ಕಿನಲ್ಲಿ ರೆಸ್ಪಿರೇಟರಿ ಥೆರಪಿಸ್ಟ್ ಆಗಿದ್ದೆ. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ಆಗಾಗ ನಿಲ್ಲುವ ಕಾಯಿಲೆಗೆ ಸ್ಲೀಪ್ ಆ್ಯಪ್ನಿಯಾ ಎನ್ನುತ್ತಾರೆ. ಅದಕ್ಕೆ ಕೊಡುವ ಸಿಪ್ಯಾಪ್ ಯಂತ್ರ ಮಾಸ್ಕಿನ ಮೂಲಕ ಒತ್ತಡದ ಗಾಳಿ ಕಳಿಸಿ ಆ ದಾರಿಯನ್ನು ತೆರೆದಿಡುತ್ತದೆ. ಯಂತ್ರ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಮಾಸ್ಕು ಮಾತ್ರ ಮುಖದಿಂದ ಮುಖಕ್ಕೆ ಬೇರೆ. ಅದನ್ನು ಹೊಂದಿಸುವುದು ನನ್ನ ಕೆಲಸ.

ಹತ್ತಿರದ ಪ್ಲೆಸೆಂಟನ್ ಊರಿನಿಂದ ವಿದ್ಯಾ ಎಂಬ ಎಂಜಿನಿಯರ್ ತಮ್ಮ ತಾಯಿ ಕಮಲಾಬಾಯಿಯವರನ್ನು ಕರೆತಂದರು. ಹುಬ್ಬಳ್ಳಿಯ ನಿವೃತ್ತ ಶಿಕ್ಷಕಿ. ಒಲೆಯ ಮೇಲೆ ಹಾಲಿಟ್ಟು ಕುರ್ಚಿಯಲ್ಲೇ ನಿದ್ದೆಹೋಗಿ, ಸ್ಮೋಕ್ ಅಲಾರಂ ಕೂಗಿದರೂ ಎದ್ದಿರಲಿಲ್ಲ. ಹೃದಯದ ಬಡಿತವೂ ತಾಳ ತಪ್ಪುತ್ತಿತ್ತು. ತಡಮಾಡಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು.

ಕುರ್ಚಿಯಲ್ಲಿ ಕೂರಿಸಿ, ಮೂಗು, ಬಾಯಿ ಎರಡನ್ನೂ ಮುಚ್ಚುವ ಮಾಸ್ಕು ಹಾಕಿದೆ. ಕ್ಲಿನಿಕ್ಕಿನಲ್ಲಿ ಒಂದಿಷ್ಟೂ ಗಾಳಿ ಸೋರಲಿಲ್ಲ. ಮನೆಯಲ್ಲಿ ರಾತ್ರಿಯೆಲ್ಲ ಸೋರಿತು. ಚಿಕ್ಕದು ಕೊಟ್ಟೆ, ದೊಡ್ಡದು ಕೊಟ್ಟೆ. ಅದೇ ಕಥೆ.

ಯಂತ್ರ ದಾಖಲಿಸಿದ್ದ ಸೋರಿಕೆಯ ಗ್ರಾಫ್ ಹಿಡಿದು ವಿದ್ಯಾ ಬಂದರು. "ಮೇಡಂ, ರಾತ್ರಿಯೆಲ್ಲಾ ಕುಕ್ಕರ್ ಕೂಗಿದ ಹಾಗೆ ಸೌಂಡು. ಇವು ಡಿಫೆಕ್ಟಿವ್ ಮಾಸ್ಕುಗಳೇ."

"ನನಗ ಇದು ಬ್ಯಾಡವಾ," ಎಂದರು ಕಮಲಾಬಾಯಿ. "ಗೊರಕಿ ಹೊಡಕೊಂತ ಆರಾಮ ಇದ್ದೆ. ವಾಪಸ್ ತಗೋರಿ."

ಯಂತ್ರ ವಾಪಸ್ ತೆಗೆದುಕೊಳ್ಳುವಂಥ ಸ್ಥಿತಿಯಲ್ಲಿ ಅವರ ಆರೋಗ್ಯ ಇರಲಿಲ್ಲ. "ಅಮ್ಮಾ, ಮನೇಲಿ ಹೇಗೆ ಮಲಗ್ತೀರೋ ಹಾಗೇ ಇಲ್ಲಿ ಮಲಗಿ ತೋರಿಸಿ," ಎಂದೆ.

ಅವರು ಮಗಳ ಮುಖ ನೋಡಿದರು. "ವಿದ್ಯಾ, ನೀ ಹೊರಗ ಹೋಗು. ಬಾಗಲಾ ಹಾಕ್ಕೊಂಡ ಹೋಗು."

ಬಾಗಿಲು ಮುಚ್ಚಿದ ಮೇಲೆ ಗೋಡೆಯ ಕಡೆ ತಿರುಗಿ, ಸೆರಗು ಅಡ್ಡ ಹಿಡಿದು ಏನೋ ಮಾಡಿದರು. ಈಚೆ ತಿರುಗಿದಾಗ ನನಗೆ ಗುರುತೇ ಹತ್ತಲಿಲ್ಲ. ಕೆನ್ನೆಗಳು ಒಳಗೆ ಇಳಿದಿದ್ದವು, ಗಲ್ಲ ಮೂಗಿನ ಹತ್ತಿರ ಬಂದಿತ್ತು. ಕರವಸ್ತ್ರದಲ್ಲಿ ಮೇಲಿನ, ಕೆಳಗಿನ ಎರಡೂ ಹಲ್ಲಿನ ಸೆಟ್ಟು!

"ಮಗಳಿಗೆ ಹೇಳಬ್ಯಾಡ್ರಿ," ಎಂದರು ತೊದಲುತ್ತ. "ಮೊಮ್ಮಕ್ಕಳಿಗೆ ದಿನಾ ಹೇಳ್ತೀನ್ರಿ, ಎರಡೂ ಹೊತ್ತು ಹಲ್ಲು ತಿಕ್ಕ್ರಿ, ನನ್ನ ನೋಡ್ರಿ, ಒಂದರೆ ಬಿದ್ದದೇನು ಅಂತ."

ನಾನು ಇಷ್ಟು ದಿನ ಹಲ್ಲಿದ್ದ ಮುಖಕ್ಕೆ ಅಳತೆ ತೆಗೆದು, ಹಲ್ಲಿಲ್ಲದ ಮುಖಕ್ಕೆ ಮಾಸ್ಕು ಕಳಿಸುತ್ತಿದ್ದೆ. ಈ ಸಲ ನೇಸಲ್ ಪಿಲ್ಲೋ ಎಂಬ ಪುಟ್ಟ ಸಾಧನ ಕೊಟ್ಟೆ. ಅದು ಮೂಗಿನ ಹೊಳ್ಳೆಗಳಿಗಷ್ಟೇ ಆತುಕೊಳ್ಳುತ್ತದೆ, ಕೆನ್ನೆಯ ಗೊಡವೆ ಅದಕ್ಕಿಲ್ಲ. ಬಾಯಿ ತೆರೆಯದಂತೆ ಗಲ್ಲಕ್ಕೊಂದು ಪಟ್ಟಿ. ಸೋರಿಕೆ ನಿಂತಿತು.

ಹಲ್ಲು ಮತ್ತೆ ಸ್ವಸ್ಥಾನ ಸೇರಿದ ಮೇಲೆ ವಿದ್ಯಾ ಒಳಬಂದರು. "ರೂಟ್ ಕಾಸ್ ಏನು ಮೇಡಂ, ಸೋರ್ತಾ ಇದ್ದಿದ್ದು ಯಾಕೆ?"

ರೋಗಿಯ ಗುಟ್ಟು ರೋಗಿಯದು. "ಮಲಗಿದಾಗ ಮುಖದ ಆಕಾರ ಬದಲಾಗುತ್ತೆ," ಎಂದೆ.

"ಎಷ್ಟು?"

"ಕೆಲವರದು... ಸ್ವಲ್ಪ ಜಾಸ್ತೀನೇ."

ಕಮಲಾಬಾಯಿ ಸೀಲಿಂಗಿನ ದೀಪವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಮುಂದಿನ ಭೇಟಿಗೆ ಅವರು ಲವಲವಿಕೆಯಿಂದ ಬಂದರು. ಗ್ರಾಫ್ ಶಾಂತವಾಗಿತ್ತು. ಹೊರಡುವಾಗ ವಿದ್ಯಾ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಪಿಸುಗುಟ್ಟಿದರು. "ಅವ್ವಂದು ಹಲ್ಲಿನ ಸೆಟ್ಟು ಅಂತ ನಮಗೆಲ್ಲಾ ಗೊತ್ತು. ಮಕ್ಕಳಿಗೂ ಗೊತ್ತು. ಮಾಸ್ಕಿಗೂ ಅದಕ್ಕೂ ಸಂಬಂಧ ಇದೆ ಅಂತ ಮಾತ್ರ ಹೊಳೀಲಿಲ್ಲ. ನಮಗೆ ಗೊತ್ತಿದೆ ಅಂತ ಪ್ಲೀಸ್ ಅವ್ವನಿಗೆ ಹೇಳ್ಬೇಡಿ."

"ಯಾವ ಹಲ್ಲು?" ಎಂದೆ ನಾನು.

ಆಮೇಲೆ ನಿವೃತ್ತಳಾಗುವವರೆಗೂ ನಾನು ಯಾರಿಗೂ ಕುರ್ಚಿಯಲ್ಲಿ ಕೂರಿಸಿ ಮಾಸ್ಕು ಹೊಂದಿಸಲಿಲ್ಲ, ಮಲಗಿಸಿಯೇ ಹೊಂದಿಸಿದೆ. ಮೊದಲು ಮನೆಯವರನ್ನು ಹೊರಗೆ ಕಳಿಸುತ್ತಿದ್ದೆ. ಆಮೇಲೆ, "ಮಲಗೋ ಮುಂಚೆ ಏನೇನು ತೆಗೆದಿಡ್ತೀರಿ?" ಎಂದು ಕೇಳುತ್ತಿದ್ದೆ. ಅಳತೆಯ ಪಟ್ಟಿ ತೆಗೆಯುತ್ತಿದ್ದುದು ಉತ್ತರ ಬಂದ ಮೇಲೆಯೇ.