ಸುಮಿತ್ರಕ್ಕನ ಸ್ವಂತ ದನಿ

ಗೆಳೆಯರೇ, ಇಂದು ಬಸವಕಲ್ಯಾಣದ ಕಾಲೇಜೊಂದರ ಸಮಾರಂಭಕ್ಕೆ ನನ್ನ ಅಕ್ಕ ಸುಮಿತ್ರಾ ಅತಿಥಿ. ಹುಮನಾಬಾದಿನಲ್ಲಿ ಹೊಲಿಗೆ ಕಲಿಸುವ ಅಕ್ಕ ಪ್ರಾಯದಲ್ಲಿ ಒಂದು ತೆಲುಗು, ಎರಡು ಕನ್ನಡ ಚಿತ್ರಗಳ ನಾಯಕಿಯಾಗಿದ್ದಳು. ಆಮೇಲೆ ಯಾರೂ ಕರೆಯಲಿಲ್ಲ, ಊರಿಗೆ ಮರಳಿದಳು.

ನಿರೂಪಕರು ಮೈಕು ಕೊಟ್ಟು, “ಮೇಡಂ, ತಮ್ಮ ಚಿತ್ರದ ಒಂದು ಸಂಭಾಷಣೆ ಹೇಳಬೇಕು” ಎಂದರು. ಹುಡುಗಿಯರು ಚಪ್ಪಾಳೆ ತಟ್ಟಿದರು. ಅಕ್ಕ ಮೈಕು ಹಿಡಿದು ಹೇಳಿದಳು:

“ಪಿಕ್ಚರ್‌ನಾಗ ಇರೋ ದನಿ ನಂದಲ್ರಿ. ತೆಲುಗು ನನಗ ಬರ್ತಿರಲಿಲ್ಲ, ಅದು ಖರೆ. ಆದ್ರ ಕನ್ನಡದಾಗೂ ಬ್ಯಾರೆಯಾಕಿ ಕಡಿಂದ ಹೇಳಿಸಿದ್ರು. ನಿನ್ನ ಮಾತು ಮಂದಿಗಿ ತಿಳಿಯಂಗಿಲ್ಲ ಅಂದ್ರು. ಪಿಕ್ಚರ್ ನೋಡಿ ನಮ್ಮವ್ವ ಕೇಳಿದ್ಳು, ಮಾರಿ ನಿಂದೇ ಅದ, ಒಳಗ ಮಾತಾಡಾಕಿ ಯಾರವಾ ಅಂತ.”

ಯಾರೂ ನಗಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಈಗ ನಿಮ್ಮ ದನಿಲಿಂದ ಹೇಳ್ರಿ ಅಕ್ಕಾರ” ಎಂದಳು.

ಅಕ್ಕ ಆರಿಸಿದ್ದು, ಕನ್ನಡ ಚಿತ್ರವೊಂದರಲ್ಲಿ ಮನೆ ಬಿಟ್ಟುಹೋದ ಮಗಳು ಮರಳಿ ಬಂದು ಮುಚ್ಚಿದ ಬಾಗಿಲ ಮುಂದೆ ಆಡುವ ಮಾತು. ಅಕ್ಕ ಮೈಕು ಕೆಳಗಿಟ್ಟಳು.

“ಅವ್ವಾ, ಬಾಗಲಾ ತಗಿ. ನಾ ತಪ್ಪು ಮಾಡೀನಿ, ಹೌದು. ಅಂದ್ರೂ ನಿನ್ನ ಮಗಳೇ ಇದ್ದೀನಲ್ಲ.”

ಕೊನೆಯ ಸಾಲಿನವರೆಗೂ ಕೇಳಿಸಿತು. ಆ ಹುಡುಗಿ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅಕ್ಕ ತನ್ನದೇ ದನಿಯಲ್ಲಿ ನಟಿಸಿದ್ದನ್ನು ನಾನು ಇವತ್ತೇ ಕೇಳಿದ್ದು.

ವಂದನಾರ್ಪಣೆ ಮಾಡಿದ ನಿರೂಪಕರೂ ನಮ್ಮದೇ ಜಿಲ್ಲೆಯ ಚಿಟಗುಪ್ಪದವರು. “ನಮ್ಮ ಭಾಗದ ನುಡಿಯನ್ನು ನಾವು ಹೆಮ್ಮೆಯಿಂದ ಆಡಬೇಕಾಗಿದೆ” ಎಂದು ಅವರು ಟಿವಿ ವಾರ್ತೆಯ ಕನ್ನಡದಲ್ಲಿ ಕರೆ ನೀಡಿದರು.