ಅಕ್ಕ ತೆಗೆದುಕೊಂಡ ಒಂದೇ ಡಬ್ಬ

ಅಂಗಡಿಗಳಿಗೆ ಬಿಸ್ಕತ್ತು, ಬನ್ನು, ಚಿಪ್ಸು ಹಾಕುವುದು ನನ್ನ ಕೆಲಸ. ಲಾಕ್‌ಡೌನ್ ಮುಗಿದು ರಸ್ತೆ ತೆರೆದ ಕೂಡಲೇ ವ್ಯಾನು ತುಂಬಿಸಿಕೊಂಡು ತಾಳಮಲೆಗೆ ಹೋದೆ. ಅಲ್ಲಿ ಟೀ ಅಂಗಡಿ ಇಟ್ಟಿರುವ ಅಕ್ಕ ನನ್ನ ಹಳೆಯ ಗಿರಾಕಿ. ಮಾಲಿಲ್ಲದೆ ನನ್ನ ದಾರಿ ಕಾಯುತ್ತಿರುತ್ತಾಳೆ ಅಂದುಕೊಂಡಿದ್ದೆ.

ನೋಡಿದರೆ, ಚಿಪ್ಸಿನ ಸರ ನೇತಾಡುತ್ತಿದ್ದ ಹಗ್ಗದಲ್ಲಿ ಜೋಳದ ತೆನೆಗಳು ಒಣಗುತ್ತಿದ್ದವು.

"ಬ್ಯಾಡ ಕಣಣ್ಣ," ಅಂದಳು. "ನಿನ್ ಗಾಡಿ ನಿಂತೋಯ್ತಲ್ಲ, ಕೂಲಿಗೆ ಓಗೋರ್ಗೆ ಏನ್ ಕೊಡ್ಲಿ? ರಾಗಿ ಮುದ್ದೆ, ಒಲದ ಸೊಪ್ಪಿನ ಸಾರು ಮಾಡ್ದೆ. ಈಗ ಎಲ್ರೂ ಅದ್ನೇ ಕೇಳ್ತಾರೆ. ಬನ್ನು ತಿಂದು ಮದ್ಯಾನಕ್ಕೇ ಸುಸ್ತಾಗೋರು, ಈಗ ಸಂಜೆಗಂಟ ಗೇಯ್ತಾರೆ."

ಸಿಟ್ಟು ಬಂತು. ಆದರೆ ಏನು ಅಂತ ವಾದಿಸಲಿ? ಲಾಕ್‌ಡೌನಿನಲ್ಲಿ ಮನೆಯಲ್ಲಿ ಕೂತು, ಮಾರಾಟವಾಗದ ಮಾಲನ್ನೆಲ್ಲ ನಾನೇ ತಿಂದು, ಪ್ಯಾಂಟಿನ ಗುಂಡಿ ಹಾಕಲಾಗದಷ್ಟು ಹೊಟ್ಟೆ ಬಂದಿತ್ತು. ಅಕ್ಕ ಅದನ್ನೇ ನೋಡುತ್ತಾ, "ಮೊದ್ಲು ಉಣ್ಣಣ್ಣ, ಆಮೇಲೆ ಯಾಪಾರ," ಅಂತ ತಟ್ಟೆ ಇಟ್ಟಳು. ಎರಡು ಮುದ್ದೆ ಹೇಗೆ ಇಳಿದವೋ ಗೊತ್ತಾಗಲಿಲ್ಲ. ನನ್ನ ಗಾಡಿ ನಿಂತರೆ ಈ ಅಂಗಡಿ ಮುಚ್ಚುತ್ತದೆ ಅಂತ ನಂಬಿದ್ದೆನಲ್ಲ, ಸಾರಿನ ರುಚಿಯ ಮುಂದೆ ಆ ಜಂಬವೂ ಇಳಿಯಿತು.

ಕೈ ತೊಳೆದು ಹೊರಟಾಗ, "ಒಂದು ಡಬ್ಬ ಬಿಸ್ಕತ್ತು ಕೊಟ್ಬುಟ್ಟು ಓಗಣ್ಣ," ಅಂದಳು.

"ಯಾರಿಗಕ್ಕ?"

"ಒಳ್ಳೇ ಊಟ ಯಾವ್ದು ಅಂತ ನಮ್ಗೆ ಏಳ್ಕೊಡಕ್ಕೆ ಪಟ್ಟಣದಿಂದ ಬತ್ತಾರಲ್ಲ, ಅವ್ರಿಗೆ. ಬಿಸ್ಕತ್ತಿಲ್ದೆ ಟೀ ಕುಡಿಯಲ್ಲ ಅವ್ರು."